ತಾತ್ಕಾಲಿಕವಾಗಿ ಸಾಕಿಕೊಂಡ ಮ್ಯಾಲಿನೋಯಿಸ್ ನಾಯಿ ಮಗಳ ಕಾಲಿಗೆ ಬಾಯಿ ಹಾಕಿದೆ, ವಾಪಸ್ ಕಳಿಸಬೇಕಾ?

ಪ್ರಶ್ನೆ: ಡಾಕ್ಟರೇ, ನಾನು ಕೋಲಾರದಲ್ಲಿ ಹೈಸ್ಕೂಲ್ ಟೀಚರ್. ಅಂತರಗಂಗೆ ಬೆಟ್ಟದ ಕಡೆ ಊರಂಚಿನಲ್ಲಿ ಸ್ವಂತ ಮನೆ, ಸುತ್ತ ಕಾಂಪೌಂಡ್ ಇದೆ. ನಾನು, ನಮ್ಮ ಯಜಮಾನರು, 9 ವರ್ಷದ ಮಗಳು, ಅತ್ತೆ ಇದ್ದೇವೆ. ಎರಡು ತಿಂಗಳ ಹಿಂದೆ ಬೆಂಗಳೂರಿನ ಪ್ರಾಣಿ ರಕ್ಷಣೆಯ ಗುಂಪೊಂದರಿಂದ ಬೆಲ್ಜಿಯನ್ ಮ್ಯಾಲಿನೋಯಿಸ್ ಗಂಡು ನಾಯಿಯನ್ನು ಫಾಸ್ಟರ್ ಮಾಡಲು ತಂದೆವು. ಸುಮಾರು 2 ವರ್ಷದ್ದು. ಯಾರೋ ಅಪಾರ್ಟ್‌ಮೆಂಟಿನಲ್ಲಿ ಸಾಕಿ ಬಿಟ್ಟುಬಿಟ್ಟಿದ್ದರಂತೆ. ಹೆಸರು ಬ್ರೂನೋ. ಶಾಶ್ವತ ಮನೆ ಸಿಗುವವರೆಗೆ ಇಟ್ಟುಕೊಳ್ಳಿ ಎಂದಿದ್ದರು.

ಬಂದ ಮೊದಲ ವಾರ ತುಂಬಾ ಸಾಧು. ಆಮೇಲೆ ಶುರುವಾಯಿತು. ರಾತ್ರಿಯೆಲ್ಲ ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡುತ್ತದೆ. ಗೋಡೆ ಮೇಲಿನ ನೆರಳು ಹಿಡಿಯಲು ಹಾರುತ್ತದೆ, ತನ್ನ ಬಾಲದ ಹಿಂದೆ ಗಿರಗಿರ ಸುತ್ತುತ್ತದೆ. ಬಾಗಿಲಿನ ಚೌಕಟ್ಟು ಕಡಿದು ಹಾಕಿದೆ. ಬೆಲ್ಟಿಗೆ ಹಗ್ಗ ಹಾಕಿದರೆ ಸಾಕು, ನನ್ನ ತೋಳಿಗೇ ಬಾಯಿ ಹಾಕುತ್ತದೆ. ಸಿಲಿಂಡರ್ ಆಟೋ ಬಂದರೆ, ಮಾಳಿಗೆ ಮೇಲೆ ಕೋತಿ ಬಂದರೆ, ಸಂಜೆ ಕುರಿಮಂದೆ ಹೋದರೆ ಹುಚ್ಚೆದ್ದಂತೆ ಆಡುತ್ತದೆ. ಅತ್ತೆ ಪೊರಕೆ ಹಿಡಿದರೆ ಗುರ್ ಎನ್ನುತ್ತದೆ. ಮೊನ್ನೆ ಮಗಳು ಕಾಂಪೌಂಡಿನೊಳಗೆ ಸೈಕಲ್ ಹೊಡೆಯುವಾಗ ಹಿಂದಿನಿಂದ ಓಡಿಬಂದು ಹಿಮ್ಮಡಿ ಹತ್ತಿರ ಬಾಯಿ ಹಾಕಿತು. ಪ್ಯಾಂಟ್ ಹರಿದು ಚರ್ಮ ಸ್ವಲ್ಪ ತರಚಿದೆ, ರಕ್ತ ಬರಲಿಲ್ಲ, ಅರಿಶಿನ ಹಚ್ಚಿದೆವು.

ಯಜಮಾನರು ದಿನಾ ಬೆಳಿಗ್ಗೆ ಸ್ಕೂಟರ್ ಪಕ್ಕ 5 ಕಿಲೋಮೀಟರ್ ಓಡಿಸುತ್ತಾರೆ, ಆದರೂ ಸುಸ್ತಾಗುವುದಿಲ್ಲ. ಒಬ್ಬರು ಎರಡು ಬಿಗಿಯಿರಿ ಎನ್ನುತ್ತಾರೆ, ಇನ್ನೊಬ್ಬರು ಮರಿ ಆಗದಂತೆ ಆಪರೇಷನ್ ಮಾಡಿಸಿ ಎನ್ನುತ್ತಾರೆ, ಭಾವ ಶ್ರೀನಿವಾಸಪುರದ ಮಾವಿನ ತೋಟಕ್ಕೆ ಕೊಡಿ ಎನ್ನುತ್ತಾರೆ. ಗುಂಪಿನವರು ಪ್ರೀತಿ ಕೊಡಿ, ಸರಿಹೋಗುತ್ತೆ ಎನ್ನುತ್ತಾರೆ. ನಮ್ಮ ಕೈಯಲ್ಲೇ ಏನೋ ತಪ್ಪಾಗುತ್ತಿದೆ ಅನ್ನಿಸಿ ನಿದ್ದೆ ಬರುತ್ತಿಲ್ಲ. ಇದು ಅಪಾಯದ ನಾಯಿಯಾ? ವಾಪಸ್ ಕೊಟ್ಟರೆ ಪಾಪ ಅಲ್ವಾ?

ಉತ್ತರ: ಮೊದಲು ಮಗಳ ಕಾಲು. ನಾಯಿ ವಿಷಯ ಆಮೇಲೆ.

ಹಲ್ಲು ತಾಗಿ ಚರ್ಮ ತರಚಿದೆ ಎಂದರೆ ಅದನ್ನು ಕಡಿತ ಎಂದೇ ಲೆಕ್ಕ ಹಾಕಬೇಕು, ರಕ್ತ ಬರದಿದ್ದರೂ ಅಷ್ಟೇ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಇವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ 0, 3, 7 ಮತ್ತು 28ನೇ ದಿನ ಕೊಡುತ್ತಾರೆ. ನಾಯಿಗೆ ಲಸಿಕೆ ಹಾಕಿಸಿದ ಪುಸ್ತಕ ಗುಂಪಿನವರ ಹತ್ತಿರ ಇದ್ದರೆ ತರಿಸಿಕೊಂಡು ವೈದ್ಯರಿಗೆ ತೋರಿಸಿ. ಕಚ್ಚಿದ ನಾಯಿಯನ್ನು 10 ದಿನ ಕಣ್ಣಿಟ್ಟು ನೋಡುವ ಪದ್ಧತಿ ಇದೆ, ಅದನ್ನೂ ಮಾಡಿ. ಆದರೆ ಹತ್ತು ದಿನ ನೋಡೋಣ, ಆಮೇಲೆ ಇಂಜೆಕ್ಷನ್ ಎಂದು ಕಾಯಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

ಈಗ ನಿಮ್ಮ ಚಿಂತೆ. ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ನಾಯಿ ಕೆಟ್ಟದ್ದಾ, ನಾವು ಕೆಟ್ಟದಾಗಿ ನೋಡಿಕೊಂಡೆವಾ, ಇಟ್ಟುಕೊಳ್ಳಬೇಕಾ ಬಿಡಬೇಕಾ. ಮೊದಲನೆಯದಕ್ಕೆ ನನ್ನ ಉತ್ತರ ‘ಅಲ್ಲ’, ಎರಡನೆಯದಕ್ಕೆ ‘ಇಲ್ಲ’. ಮೂರನೆಯದಕ್ಕೆ ಸ್ವಲ್ಪ ಉದ್ದ ಹೇಳಬೇಕು.

ಮ್ಯಾಲಿನೋಯಿಸ್ ಎಂದರೆ ಬೆಲ್ಜಿಯಂ ದೇಶದ ಕುರಿ ಕಾಯುವ ನಾಯಿ. ಮಾಲಿನ್ ಎಂಬ ಊರಿನ ಸುತ್ತಮುತ್ತಲಿನದು. 1891ರ ಸುಮಾರಿಗೆ ಅಲ್ಲಿನ ಪಶುವೈದ್ಯ ಪ್ರೊಫೆಸರ್ ಅಡಾಲ್ಫ್ ರೂಲ್ ಅವರು ಆ ದೇಶದ ಕುರಿನಾಯಿಗಳನ್ನು ಒಂದೆಡೆ ಸೇರಿಸಿ ನೋಡಿ ತಳಿಗಳಾಗಿ ಗುರುತಿಸುವ ಕೆಲಸ ಶುರು ಮಾಡಿದರು. ಅಂದಿನಿಂದ ಈ ನಾಯಿಯನ್ನು ಆರಿಸಿ ಆರಿಸಿ ಬೆಳೆಸಿರುವುದು ಚುರುಕಿಗೆ, ಹಟಕ್ಕೆ, ಹಿಡಿದದ್ದನ್ನು ಬಿಡದ ಗುಣಕ್ಕೆ. ಗಂಡು ನಾಯಿ 25ರಿಂದ 30 ಕಿಲೋ ಅಷ್ಟೇ ತೂಗುವುದು, ಆದರೆ ಆಳೆತ್ತರದ ಗೋಡೆ ಹತ್ತಿ ಇಳಿಯುತ್ತದೆ. ಇವತ್ತು ನಮ್ಮ ದೇಶದಲ್ಲೂ ಪಡೆಗಳಿಗೆ ಅಚ್ಚುಮೆಚ್ಚಿನ ನಾಯಿ ಇದು. ಬೆಂಗಳೂರಿನ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನವರ ನಾಯಿ ತರಬೇತಿ ಶಾಲೆಯೇ ಇದೆ, ಅಲ್ಲಿ ಮ್ಯಾಲಿನೋಯಿಸ್ ಮರಿಗಳನ್ನು ಬೆಳೆಸಿ ಕೆಲಸ ಕಲಿಸುತ್ತಾರೆ. ಅಲ್ಲಿ ಒಂದು ನಾಯಿಗೆ ಅದನ್ನೇ ನೋಡಿಕೊಳ್ಳುವ ಜವಾನರಿರುತ್ತಾರೆ, ದಿನಚರಿ ಇರುತ್ತದೆ, ಕೆಲಸ ಮುಗಿದ ಮೇಲೆ ಮಲಗಲು ಗೂಡಿರುತ್ತದೆ. ಆ ನಾಯಿಗಳ ವಿಡಿಯೋ ಮೊಬೈಲಿನಲ್ಲಿ ನೋಡಿ ಆಸೆಪಟ್ಟು ಮರಿ ತಂದವರಿಗೆ ಆ ವಿಡಿಯೋದ ಹಿಂದಿನ ದುಡಿಮೆ ಕಾಣಿಸಿರುವುದಿಲ್ಲ. ಒಂದೂವರೆ, ಎರಡು ವರ್ಷಕ್ಕೆ, ಅಂದರೆ ನಾಯಿ ಪ್ರಾಯಕ್ಕೆ ಬರುವ ಹೊತ್ತಿಗೆ, ಕೈಮೀರಿತು ಎಂದು ಬಿಟ್ಟುಬಿಡುತ್ತಾರೆ. ಬ್ರೂನೋ ವಯಸ್ಸೂ ಅಷ್ಟೇ ಇದೆ, ನೋಡಿ. ನನ್ನ ಹತ್ತಿರ ಬರುವ ಈ ತಳಿಯ ನಾಯಿಗಳಲ್ಲಿ ಬಹಳಷ್ಟರ ಕತೆ ಇದೇ.

ಸೈಕಲ್ ವಿಷಯಕ್ಕೆ ಬರೋಣ. ಕುರಿ ಕಾಯುವ ನಾಯಿಯ ಕೆಲಸ ಕಣ್ಣಿಂದ ಶುರುವಾಗುತ್ತದೆ. ಓಡುವುದನ್ನು ನೋಡುತ್ತದೆ, ದಿಟ್ಟಿಸುತ್ತದೆ, ಮೈ ತಗ್ಗಿಸುತ್ತದೆ, ಅಟ್ಟಿಸಿಕೊಂಡು ಹೋಗುತ್ತದೆ, ಹಿಮ್ಮಡಿಗೆ ಬಾಯಿ ಹಾಕಿ ನಿಲ್ಲಿಸುತ್ತದೆ. ನಿಮ್ಮ ಮಗಳ ಕಾಲಿಗೆ ಬಾಯಿ ಹಾಕಿದ್ದು ಎಲ್ಲಿ? ಹಿಮ್ಮಡಿ ಹತ್ತಿರ. ಯಾವಾಗ? ಸೈಕಲ್ ಓಡುತ್ತಿದ್ದಾಗ, ಹಿಂದಿನಿಂದ. ಅದು ಮಗುವಿನ ಮೇಲಿನ ದ್ವೇಷಕ್ಕೆ ಮಾಡಿದ್ದಲ್ಲ, ರಕ್ತದಲ್ಲಿ ಬಂದ ಕೆಲಸವನ್ನು ತಪ್ಪು ಜಾಗದಲ್ಲಿ ಮಾಡಿದೆ. ಹಾಗಂತ ಅಪಾಯ ಕಡಿಮೆ ಎಂದಲ್ಲ. ಮಗು ಗಾಬರಿಯಾಗಿ ಕಿರುಚಿ ಬಿದ್ದರೆ, ನಾಯಿ ಇನ್ನಷ್ಟು ಉದ್ರೇಕಗೊಂಡರೆ, ಮುಂದಿನ ಸಲ ತರಚುವುದಕ್ಕೆ ನಿಲ್ಲುವುದಿಲ್ಲ. ಯಾಕೆ ಕಚ್ಚಿತು ಅಂತ ಗೊತ್ತಾದ ಮಾತ್ರಕ್ಕೆ ಕಡಿತ ಹಗುರವಾಗುವುದಿಲ್ಲ. ಇದನ್ನು ನಾಯಿಪ್ರೇಮಿಗಳು ಆಗಾಗ ಮರೆಯುತ್ತಾರೆ.

ಸಿಲಿಂಡರ್ ಆಟೋ ಕತೆ ಬೇರೆ. ಆಟೋ ಬರುತ್ತದೆ, ಬ್ರೂನೋ ಬೊಗಳುತ್ತದೆ, ಆಟೋ ಹೋಗುತ್ತದೆ. ನಾಯಿಯ ಲೆಕ್ಕದಲ್ಲಿ ತಾನು ಬೊಗಳಿದ್ದಕ್ಕೇ ಅದು ಓಡಿಹೋಯಿತು. ಪ್ರತಿ ಸಲವೂ ಗೆಲುವು. ಕೋತಿ, ಕುರಿಮಂದೆ ಎಲ್ಲಕ್ಕೂ ಹೀಗೇ. ಗೇಟಿನ ಹತ್ತಿರ ದಿನವಿಡೀ ಬಿಟ್ಟರೆ ಅದು ದಿನವಿಡೀ ಡ್ಯೂಟಿಯಲ್ಲಿರುತ್ತದೆ, ರಾತ್ರಿಯೂ ಆ ಡ್ಯೂಟಿ ಮುಗಿಯುವುದಿಲ್ಲ.

ನಿಮ್ಮ ಯಜಮಾನರು ಕಷ್ಟಪಟ್ಟು ಮಾಡುತ್ತಿರುವ ಸ್ಕೂಟರ್ ಓಟವನ್ನು ದಯವಿಟ್ಟು ನಿಲ್ಲಿಸಿ. ಅವರ ಉದ್ದೇಶ ಒಳ್ಳೆಯದೇ. ಆದರೆ ದಿನಾ 5 ಕಿಲೋಮೀಟರ್ ಓಡುವ ನಾಯಿ ಒಂದು ತಿಂಗಳಿಗೆ 8 ಕಿಲೋಮೀಟರ್ ಓಡುವಷ್ಟು ಗಟ್ಟಿಯಾಗುತ್ತದೆ, ಸುಸ್ತು ಮಾತ್ರ ಆಗುವುದಿಲ್ಲ. ಓಡಿ ಬಂದಾಗ ಅದರ ಮೈ ದಣಿದಿರಬಹುದು, ತಲೆ ಮಾತ್ರ ಕಾದಿರುತ್ತದೆ. ಡಾಂಬರು ರಸ್ತೆಯಲ್ಲಿ ಅಂಗಾಲು ಸುಡುತ್ತದೆ, ಕೀಲು ಸವೆಯುತ್ತದೆ, ಮಾರ್ಚ್ ಬಂತೆಂದರೆ ನಮ್ಮ ಕೋಲಾರದ ಬಿಸಿಲಿಗೆ ಬೆಳಿಗ್ಗೆ ಎಂಟಕ್ಕೇ ನಾಯಿಗೆ ಬಿಸಿಲಾಘಾತ ಆಗಬಹುದು. ಜತೆಗೆ ಓಡುವ ಗಾಡಿಯ ಪಕ್ಕ ಓಡುವುದನ್ನೇ ಕಲಿಸಿಬಿಟ್ಟು, ಮಗಳ ಸೈಕಲ್ ಹಿಂದೆ ಓಡಬೇಡ ಎಂದರೆ ಅದಕ್ಕೆ ಹೇಗೆ ಅರ್ಥವಾಗಬೇಕು?

ಇಂಥ ನಾಯಿಗೆ ಓಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಸಬೇಕಾದ್ದು ಸುಮ್ಮನೆ ಮಲಗುವುದನ್ನು. ಬೆಳೆದ ನಾಯಿ ದಿನಕ್ಕೆ 12 ಗಂಟೆಗಿಂತ ಜಾಸ್ತಿ ನಿದ್ದೆ, ವಿಶ್ರಾಂತಿಯಲ್ಲಿ ಕಳೆಯಬೇಕು. ನಿಮ್ಮ ಬ್ರೂನೋ ಅದರಲ್ಲಿ ಅರ್ಧವೂ ಮಲಗುತ್ತಿಲ್ಲ ಎಂದು ನಿಮ್ಮ ಪತ್ರ ಓದಿದರೇ ಗೊತ್ತಾಗುತ್ತದೆ.

ಆದರೆ ಇದೆಲ್ಲ ನಡವಳಿಕೆ ಎಂದು ಒಪ್ಪುವ ಮೊದಲು ನನಗೊಂದು ಅನುಮಾನ ಬಗೆಹರಿಯಬೇಕು. ಮೈಯಲ್ಲಿ ನೋವಿರುವ ನಾಯಿ ರಾತ್ರಿ ಮಲಗುವುದಿಲ್ಲ, ಮುಟ್ಟಿದರೆ ಗುರುಗುಟ್ಟುತ್ತದೆ. ನಮ್ಮ ಕಡೆ ಉಣ್ಣೆ ಹುಳುವಿನ ಕಾಟ ವರ್ಷವಿಡೀ. ಉಣ್ಣೆಯಿಂದ ಬರುವ ಎರ್ಲಿಕಿಯಾ, ಬಬೇಸಿಯಾ ರೋಗಗಳು ಕೆಲವು ಸಲ ದೊಡ್ಡ ಜ್ವರವಿಲ್ಲದೆ ಒಳಗೊಳಗೇ ಕೊರೆಯುತ್ತವೆ. ಕಿವಿಯೊಳಗೆ ಸೋಂಕು, ಹಿಂಗಾಲಿನ ಕೀಲುನೋವು, ಮುರಿದ ಹಲ್ಲು, ಇವನ್ನೂ ನೋಡಬೇಕು. ಸರಪಳಿ ಕಡಿದು ಹಲ್ಲು ಮುರಿದುಕೊಂಡ ನಾಯಿಗಳನ್ನು ಬೇಕಾದಷ್ಟು ನೋಡಿದ್ದೇನೆ. ರಕ್ತ ಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಎಷ್ಟಿದೆ ನೋಡಿಸಿ, ಬಾಯಿ, ಕಿವಿ, ಸೊಂಟ ಪರೀಕ್ಷೆ ಮಾಡಿಸಿ. ನೆರಳು ಹಿಡಿಯುವುದು, ಬಾಲದ ಹಿಂದೆ ಸುತ್ತುವುದು ಈ ತಳಿಯಲ್ಲಿ ಕಾಣಿಸಿಕೊಳ್ಳುವ ಗೀಳು. ಕಟ್ಟಿಹಾಕಿ ಬೇಸರಿಸಿದಾಗ ಶುರುವಾಗಿ ಆಮೇಲೆ ಬೇಸರವಿಲ್ಲದಿದ್ದರೂ ಮುಂದುವರಿಯುತ್ತದೆ. ಅದಕ್ಕೆ ನಗುವುದು, ಮೊಬೈಲ್ ಟಾರ್ಚ್ ಬಿಟ್ಟು ಆಡಿಸುವುದು ಯಾರೂ ಮಾಡಬಾರದು. ಮಗಳಿಗೂ ಹೇಳಿ. ಸುತ್ತುವುದು ದಿನಕ್ಕೆ ಎಷ್ಟು ಹೊತ್ತು, ಯಾವ ಹೊತ್ತಿನಲ್ಲಿ ಎಂದು ಬರೆದಿಡಿ, ಮೊಬೈಲಿನಲ್ಲಿ ವಿಡಿಯೋ ಮಾಡಿ. ವೈದ್ಯರಿಗೆ ಆ ವಿಡಿಯೋ ನಿಮ್ಮ ಮಾತಿಗಿಂತ ಜಾಸ್ತಿ ಹೇಳುತ್ತದೆ.

ಇನ್ನು ನಿಮಗೆ ಸುತ್ತಲಿನವರು ಹೇಳಿದ ಮಾತುಗಳು.

ಎರಡು ಬಿಗಿಯಿರಿ, ಯಜಮಾನ ಯಾರು ಎಂದು ತೋರಿಸಿ ಎನ್ನುವುದು ಹಳೇ ನಂಬಿಕೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಆವರಣದೊಳಗೆ ಕೂಡಿಹಾಕಿದ್ದ ತೋಳಗಳ ಜಗಳ ನೋಡಿ ಬರೆದದ್ದು ಇದಕ್ಕೆ ಬೀಜ. ಆಮೇಲೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಡೇವಿಡ್ ಮೆಚ್, ಕಾಡಿನ ಹಿಂಡು ಎಂದರೆ ಅಪ್ಪ, ಅಮ್ಮ, ಮಕ್ಕಳ ಕುಟುಂಬ ಎಂದು 1999ರಲ್ಲಿ ಸ್ಪಷ್ಟವಾಗಿ ಬರೆದರು. ನಾಯಿ ನಿಮ್ಮ ಮನೆಯ ಗದ್ದುಗೆಗೆ ಕಣ್ಣು ಹಾಕಿಲ್ಲ. ಗುರ್ ಎಂದಿದ್ದಕ್ಕೆ ಹೊಡೆದರೆ ಗುರ್ ಎನ್ನುವುದನ್ನು ಬಿಡುತ್ತದೆ, ನಿಜ. ಮುಂದಿನ ಸಲ ಎಚ್ಚರಿಕೆ ಕೊಡದೆ ನೇರ ಕಚ್ಚುತ್ತದೆ. ಅದರಲ್ಲೂ ಮ್ಯಾಲಿನೋಯಿಸ್‌ಗೆ ಹೊಡೆದರೆ ತಿರುಗಿ ಬೀಳುವುದೇ ಹೆಚ್ಚು. ಗುರುಗುಟ್ಟುವುದು ನಾಯಿ ನಿಮಗೆ ಕೊಡುವ ನೋಟಿಸು, ಅದನ್ನು ಕಿತ್ತುಕೊಳ್ಳಬೇಡಿ.

ಬೊಗಳೋ ನಾಯಿ ಕಚ್ಚಲ್ಲ ಎಂಬ ಗಾದೆಯನ್ನು ನಂಬಿ ಮಗುವನ್ನು ಹತ್ತಿರ ಬಿಡಬೇಡಿ. ಬೊಗಳುವ ನಾಯಿಯೂ ಕಚ್ಚುತ್ತದೆ. ಮಾಂಸ ತಿಂದರೆ ನಾಯಿಗೆ ರೋಷ ಬರುತ್ತದೆ ಎನ್ನುವುದೂ ಸುಳ್ಳು. ಮುದ್ದೆ, ಹಾಲು ಅಷ್ಟರಲ್ಲೇ ಇಂಥ ನಾಯಿಯನ್ನು ಸಾಕುವುದು ಕಷ್ಟ. ಮುದ್ದೆ ಕೊಡಿ, ತೊಂದರೆ ಇಲ್ಲ, ಜತೆಗೆ ಮೊಟ್ಟೆ, ಮೂಳೆಯಿಲ್ಲದ ಬೇಯಿಸಿದ ಚಿಕನ್ ಇರಲಿ. ಈರುಳ್ಳಿ ಹಾಕಿದ ಸಾರು ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಅಂತೂ ನಾಯಿಯ ಮೂತ್ರಪಿಂಡಕ್ಕೆ ವಿಷ. ನಮ್ಮ ಸೀಮೆಯಲ್ಲಿ ಮನೆಮನೆಯಲ್ಲೂ ದ್ರಾಕ್ಷಿ ಇರುತ್ತದೆ, ಅದಕ್ಕೇ ಹೇಳಿದೆ.

ಆಪರೇಷನ್ ವಿಷಯದಲ್ಲಿ ಅರ್ಧ ಸತ್ಯ ಇದೆ. ಹೆಣ್ಣು ನಾಯಿ ಹುಡುಕಿಕೊಂಡು ಹೋಗುವುದು, ಕಂಡಕಂಡಲ್ಲಿ ಕಾಲೆತ್ತುವುದು ಕಡಿಮೆಯಾಗುತ್ತದೆ. ಮರಿ ಹುಟ್ಟಿಸಿ ಮಾರುವವರ ಕೈಗೆ ಬ್ರೂನೋ ಸಿಗದಂತೆ ತಡೆಯುವುದಕ್ಕಾದರೂ ಒಂದು ದಿನ ಮಾಡಿಸಬೇಕು. ಆದರೆ ಸೈಕಲ್ ಅಟ್ಟುವುದು, ನೆರಳು ಹಿಡಿಯುವುದು ಅದರಿಂದ ನಿಲ್ಲುವುದಿಲ್ಲ. ಹೆದರುವ ಸ್ವಭಾವದ ನಾಯಿಯಲ್ಲಿ ಹೆದರಿಕೆ ಜಾಸ್ತಿಯಾದದ್ದೂ ಉಂಟು. ಅದು ಶಾಂತವಾಗಿ ನೆಲೆಯಾದ ಮೇಲೆ, ವೈದ್ಯರ ಜತೆ ಮಾತಾಡಿ ನಿರ್ಧರಿಸುವುದು ವಾಸಿ.

ಪ್ರೀತಿ ಕೊಡಿ ಎನ್ನುವ ಗುಂಪಿನವರ ಮಾತಿಗೂ ನಾನು ಪೂರ್ತಿ ಒಪ್ಪುವುದಿಲ್ಲ. ನೀವು ಪ್ರೀತಿ ಕೊಟ್ಟಿದ್ದೀರಿ. ಇದಕ್ಕೆ ಬೇಕಾದ್ದು ಕ್ರಮ. ಊಟ, ನಡಿಗೆ, ಆಟ, ಮಲಗುವುದು ಒಂದೇ ಹೊತ್ತಿಗೆ ಒಂದೇ ರೀತಿ ಆಗಬೇಕು. ಮೊದಲ ವಾರ ಸಾಧುವಾಗಿತ್ತು ಎಂದಿರಲ್ಲ, ಅದು ಸಾಧುತನ ಆಗಿರಲಿಲ್ಲ. ಹೊಸ ಜಾಗಕ್ಕೆ ಬಂದ ನಾಯಿ ದಿಕ್ಕು ತೋಚದೆ ಮುದುಡಿಕೊಂಡಿರುತ್ತದೆ. ಕೆಲವು ವಾರಕ್ಕೆ ನಿಜಸ್ವರೂಪ ಹೊರಗೆ ಬರುತ್ತದೆ. ಆದ್ದರಿಂದ ನಿಮ್ಮ ಮನೆಗೆ ಬಂದು ಕೆಟ್ಟುಹೋಯಿತು ಎಂದುಕೊಳ್ಳುವುದು ಬೇಡ.

ಪೊರಕೆ ವಿಷಯ ನಾನು ಕಣ್ಣಾರೆ ನೋಡದೆ ಹೇಳುವುದು ಕಷ್ಟ, ಎರಡು ಸಾಧ್ಯತೆ ಇದೆ. ಗುರ್ ಎನ್ನುವಾಗ ಕಿವಿ ಹಿಂದಕ್ಕೆ ಅಂಟಿಕೊಂಡು, ಬಾಲ ಒಳಗೆ ಸೇರಿ, ಮೈಭಾರ ಹಿಂಗಾಲಿಗೆ ಹೋಗಿದ್ದರೆ ಅದು ಹೆದರಿಕೆ, ಹಿಂದೆ ಯಾರೋ ಪೊರಕೆಯಲ್ಲಿ ಬಾರಿಸಿರಬಹುದು. ಕಿವಿ ಮುಂದಕ್ಕೆ ನಿಮಿರಿ, ಬಾಯಿ ಮುಚ್ಚಿ, ಕಣ್ಣು ಪೊರಕೆಯ ತುದಿಯ ಮೇಲೇ ನೆಟ್ಟು, ಪೊರಕೆ ಆಚೀಚೆ ಆಡಿದಂತೆ ತಲೆಯೂ ಆಡುತ್ತಿದ್ದರೆ ಅದು ಸೈಕಲ್ ಅಟ್ಟುವ ಗುಣವೇ. ಬೇಕಂತಲೇ ಪೊರಕೆ ಹಿಡಿದು ಪರೀಕ್ಷೆ ಮಾಡಬೇಡಿ. ಎರಡರಲ್ಲಿ ಯಾವುದಾದರೂ ಸದ್ಯಕ್ಕೆ ಪರಿಹಾರ ಒಂದೇ: ಅತ್ತೆ ಕಸ ಗುಡಿಸುವ ಹೊತ್ತಿಗೆ ನಾಯಿ ಬೇರೆ ಕೋಣೆಯಲ್ಲಿರಲಿ. ವಯಸ್ಸಾದವರು, ಬೆದರಿ ಬಿದ್ದರೆ ಸೊಂಟ ಮುರಿಯುತ್ತದೆ.

ಇಟ್ಟುಕೊಳ್ಳುವುದಾದರೆ ಏನು ಮಾಡಬೇಕು ಎಂದು ಹೇಳುತ್ತೇನೆ. ಇದು ಸುಲಭ ಅಲ್ಲ, ಮೊದಲೇ ಹೇಳಿಬಿಡುತ್ತೇನೆ.

ಮಗಳು ಮತ್ತು ನಾಯಿಯ ನಡುವೆ ಯಾವಾಗಲೂ ಒಂದು ಬಾಗಿಲು ಅಥವಾ ಒಂದು ಹಗ್ಗ ಇರಬೇಕು. ಹಗ್ಗ ದೊಡ್ಡವರ ಕೈಯಲ್ಲಿರಬೇಕು. ಐದು ನಿಮಿಷ ಎಂದು ಸಡಿಲ ಬಿಡುವುದಲ್ಲ. ಸೈಕಲ್ ಹೊರಬಂದರೆ ನಾಯಿ ಒಳಗೆ, ಚಿಲಕ ಹಾಕಿ. ಬುಟ್ಟಿಯ ಥರ ಇರುವ ಮಝಲ್ ಸಿಗುತ್ತದೆ, ದನಕ್ಕೆ ಹಾಕುವ ಬಾಯಿಕುಕ್ಕೆಯ ಹಾಗೆ, ಅದನ್ನು ಹಾಕಿದರೂ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಟ್ಟೆಯದು ಬಾಯನ್ನೇ ಬಿಗಿದು ಮುಚ್ಚುತ್ತದೆ, ಬಿಸಿಲಲ್ಲಿ ಅದು ಅಪಾಯ, ಕೊಳ್ಳಬೇಡಿ. ಮಝಲ್ ಒಳಗೆ ಚಿಕನ್ ಚೂರು ಇಟ್ಟು, ತಾನಾಗೇ ಮೂತಿ ತೂರಿಸುವಂತೆ ಒಂದೆರಡು ವಾರ ಅಭ್ಯಾಸ ಮಾಡಿಸಿ, ಆಮೇಲೆ ಪಟ್ಟಿ ಕಟ್ಟಿ.

ಬೆಳಿಗ್ಗೆ ಡೈರಿಗೆ ಹಾಲು ಹಾಕುವವರ ಗದ್ದಲ ಶುರುವಾಗುವ ಮೊದಲು, ಐದೂವರೆ ಹೊತ್ತಿಗೆ ನಡೆಸಿಕೊಂಡು ಹೋಗಿ. ಕತ್ತಿನ ಬೆಲ್ಟಿನ ಬದಲು ಎದೆಪಟ್ಟಿ, 5 ಮೀಟರ್ ಉದ್ದದ ಹಗ್ಗ. ವೇಗ ಬೇಡ, ಅದು ಮೂಸಿದಷ್ಟು ಮೂಸಲಿ. ಬೆಟ್ಟದ ಮೆಟ್ಟಿಲ ಕಡೆ ಹೋಗಬೇಡಿ, ಕೋತಿ ಕಂಡರೆ ಅಲ್ಲಿಗೆ ಮುಗಿಯಿತು. ನಿಮ್ಮ ತೋಳಿಗೆ ಬಾಯಿ ಹಾಕುವುದು ಹೊರಗೆ ಹೋಗುವ ಉದ್ರೇಕ ತಡೆಯಲಾಗದೆ. ಹಗ್ಗ ಹಾಕಿದ ಕೂಡಲೇ ಹೊರಡಬೇಡಿ. ಹಾಕಿ, ಮನೆಯೊಳಗೇ ಹತ್ತು ನಿಮಿಷ ಕೂತು ಪೇಪರ್ ಓದಿ. ಹಗ್ಗ ಎಂದರೆ ಹೊರಗೆ ಓಡುವುದು ಎಂಬ ಗಂಟು ಬಿಚ್ಚಿಕೊಳ್ಳುತ್ತದೆ.

ಮೂಗಿನ ಕೆಲಸ ಕೊಡಿ. ಕೋಲಾರದಲ್ಲಿ ಟೊಮೆಟೊ ಕ್ರೇಟಿಗೆ ಬರವೇ? ಖಾಲಿ ಕ್ರೇಟ್ ಐದಾರು ಬೋರಲು ಹಾಕಿ, ಎರಡರ ಕೆಳಗೆ ಮಾತ್ರ ಊಟದ ಒಂದು ಪಾಲು ಇಟ್ಟು, ಹುಡುಕು ಎನ್ನಿ. ಹದಿನೈದು ನಿಮಿಷ ಮೂಸಿ ಹುಡುಕಿದ ನಾಯಿ ಸ್ಕೂಟರ್ ಹಿಂದೆ ಓಡಿದ್ದಕ್ಕಿಂತ ಚೆನ್ನಾಗಿ ಮಲಗುತ್ತದೆ. ಕಚ್ಚುವ ಆಸೆಗೂ ದಾರಿ ಬೇಕು, ಅದನ್ನು ಪೂರ್ತಿ ಅದುಮಿಡಲು ಆಗುವುದಿಲ್ಲ. ದಪ್ಪ ಸೆಣಬಿನ ಹಗ್ಗ ಎಳೆದಾಡಿಸಿ, ಬಿಡು ಎಂದು ಚಿಕನ್ ಚೂರು ತೋರಿಸಿ ಬಿಡಿಸಿ, ಮತ್ತೆ ಕೊಡಿ. ಈ ಆಟ ನಿಮ್ಮ ಯಜಮಾನರದು, ಮಗಳದಲ್ಲ.

ಇನ್ನು ಮಲಗುವ ಪಾಠ. ಒಂದು ಗೋಣಿಚೀಲ ನಾಲ್ಕು ಮಡಿಕೆ ಮಾಡಿ, ಗೇಟು ಕಾಣದ ಮೂಲೆಯಲ್ಲಿ ಹಾಸಿ. ಪಕ್ಕ ಕುರ್ಚಿ ಹಾಕಿಕೊಂಡು ಕೂರಿ, ಏನೂ ಹೇಳಬೇಡಿ. ಬ್ರೂನೋ ಒಂದು ಕಾಲು ಗೋಣಿ ಮೇಲಿಟ್ಟರೆ ಚಿಕನ್ ಚೂರು ಗೋಣಿಯ ಮೇಲೇ ಬೀಳಿಸಿ, ಕೈಯಿಂದ ಬಾಯಿಗೆ ಕೊಡಬೇಡಿ. ನಾಲ್ಕೂ ಕಾಲಿಟ್ಟರೆ ಮತ್ತೊಂದು. ಮಲಗಿದರೆ ಎರಡು. ಮೊದಮೊದಲು ಸಿಪಾಯಿ ಥರ ಮುಂಗಾಲು ಚಾಚಿ, ಹಿಂಗಾಲು ಮಡಿಚಿ, ಎದ್ದು ಓಡಲು ಸಿದ್ಧವಾಗಿಯೇ ಮಲಗುತ್ತದೆ. ಕೆಲವು ದಿನಕ್ಕೆ ಸೊಂಟ ಒಂದು ಪಕ್ಕಕ್ಕೆ ವಾಲುತ್ತದೆ, ಗದ್ದ ನೆಲಕ್ಕೆ ತಾಗುತ್ತದೆ, ಮೂಗಿಂದ ಉದ್ದನೆ ಉಸಿರು ಬಿಡುತ್ತದೆ. ನಿಮಗೆ ಬೇಕಾದ್ದು ಆ ಉಸಿರು. ಅದು ಬಂದಾಗ ಸದ್ದಿಲ್ಲದೆ ಒಂದು ಚೂರು ಇಟ್ಟು ಸುಮ್ಮನಾಗಿ. ಹತ್ತು ನಿಮಿಷ, ದಿನಕ್ಕೆ ಎರಡು ಸಲ. ನೀವು ಇಡೀ ದಿನದಲ್ಲಿ ಇದೊಂದನ್ನೇ ಮಾಡಲು ಆಗುವುದಾದರೂ ಇದನ್ನೇ ಮಾಡಿ.

ಇಷ್ಟಕ್ಕೆಲ್ಲ ಇಬ್ಬರು ದೊಡ್ಡವರ ಒಂದೆರಡು ಗಂಟೆ ದಿನಾ ಬೇಕು, ತಿಂಗಳುಗಟ್ಟಲೆ. ನೀವು ಸ್ಕೂಲಿಗೆ ಹೋದಾಗ ಅತ್ತೆ ಒಬ್ಬರೇ ನಾಯಿಯ ಜತೆ ಇರುತ್ತಾರಾ? ಹೌದಾದರೆ ಆ ಏರ್ಪಾಡು ಬದಲಾಗಲೇಬೇಕು, ನಾಯಿ ಆ ಹೊತ್ತು ಬೇರೆ ಕೋಣೆಯಲ್ಲಿ ಚಿಲಕದೊಳಗೆ.

ತರಬೇತಿಗಾರರನ್ನು ಕರೆಸಬಹುದು. ಆದರೆ 15 ದಿನಕ್ಕೆ ನೆಟ್ಟಗೆ ಮಾಡಿಕೊಡುತ್ತೇನೆ, ನಮ್ಮ ಹತ್ತಿರ ಬಿಡಿ ಎನ್ನುವವರಿಗೆ ಕೊಡಬೇಡಿ. ಶಾಕ್ ಕೊಡುವ ಬೆಲ್ಟು, ಮುಳ್ಳಿನ ಬೆಲ್ಟು ಹಾಕಿ ನಾಯಿಯನ್ನು ಸುಮ್ಮನಿರಿಸಬಹುದು, ಅದು ಸುಮ್ಮನಿರುವುದು ಹೆದರಿ. ನಿಮ್ಮ ಮನೆಗೆ ಬಂದಾಗ ಆ ಹೆದರಿಕೆ ಯಾರ ಮೇಲೆ ತಿರುಗುತ್ತದೆ ಎಂದು ಹೇಳಲಾಗದು. ನಾಯಿ ತಪ್ಪು ಮಾಡಿದಾಗ ನೀವು ಏನು ಮಾಡುತ್ತೀರಿ ಎಂದು ಅವರನ್ನು ನೇರ ಕೇಳಿ. ನಿಮ್ಮ ಎದುರೇ ಕೆಲಸ ಮಾಡಲು ಒಪ್ಪದವರು ಬೇಡ.

ಔಷಧಿಯೂ ಒಂದು ದಾರಿ, ಸಂಕೋಚ ಬೇಡ. ನೆರಳಿನ ಗೀಳು ಜೋರಾಗಿದ್ದರೆ ಫ್ಲುಆಕ್ಸೆಟಿನ್‌ನಂಥ ಮಾತ್ರೆ ಸಹಾಯ ಮಾಡುತ್ತದೆ. ಪರಿಣಾಮ ಗೊತ್ತಾಗಲು 4ರಿಂದ 6 ವಾರ ಬೇಕು, ಮೊದಮೊದಲು ಊಟ ಕಡಿಮೆಯಾಗಬಹುದು, ಮಧ್ಯೆ ತಟ್ಟನೆ ನಿಲ್ಲಿಸಬಾರದು. ಮನುಷ್ಯರ ಮಾತ್ರೆ ಅಂಗಡಿಯಿಂದ ತಂದು ಅಂದಾಜಿಗೆ ಕೊಡಬೇಡಿ. ಇಲ್ಲಿ ತೀರ್ಮಾನವಾಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ತೋರಿಸಿ, ಕೋಲಾರದಿಂದ ಒಂದು ದಿನದಲ್ಲಿ ಹೋಗಿ ಬರಬಹುದು.

ಮಾವಿನ ತೋಟಕ್ಕೆ ಕೊಡುವ ಮಾತು ನನಗೆ ನಿಜಕ್ಕೂ ಸಂಕಟ ತರುತ್ತದೆ. ನಿಮ್ಮ ಭಾವ ಒಳ್ಳೆ ಮನಸ್ಸಿಂದಲೇ ಹೇಳಿದ್ದಾರೆ, ಇಷ್ಟು ಜಾಗ ಇದೆ, ಓಡಾಡಿಕೊಂಡಿರಲಿ ಎಂದು. ನಡೆಯುವುದು ಬೇರೆ. ಮೊದಲ ವಾರ ಬಿಡುತ್ತಾರೆ, ಅದು ಪಕ್ಕದವರ ಕುರಿ ಅಟ್ಟುತ್ತದೆ, ಜಗಳವಾಗುತ್ತದೆ, ಆಮೇಲೆ ಪಂಪ್‌ಹೌಸ್ ಪಕ್ಕ ಸರಪಳಿ. ಕಾವಲಿನವನು ದಿನಕ್ಕೊಮ್ಮೆ ಬಂದು ಮುದ್ದೆ ಎಸೆದು ಹೋಗುತ್ತಾನೆ. ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತಪ್ಪು ಕೂಡ. ಕಟ್ಟಿದ ಮ್ಯಾಲಿನೋಯಿಸ್ ಸುತ್ತಿ ಸುತ್ತಿ ಬಾಲವನ್ನೇ ಕಡಿದುಕೊಳ್ಳುತ್ತದೆ, ಒಂದು ದಿನ ಸರಪಳಿ ಬಿಟ್ಟಾಗ ಮಾವು ಕೀಳಲು ಬಂದ ಕೂಲಿಯವರ ಮೇಲೆ ಬೀಳುತ್ತದೆ. ಅಲ್ಲಿ ಕುಟುಂಬವೊಂದು ವಾಸವಿದ್ದು, ಇಂಥ ನಾಯಿ ಸಾಕಿದ ಅನುಭವವಿದ್ದು, ಚಿಕ್ಕ ಮಕ್ಕಳಿಲ್ಲದೆ, ನಾಯಿ ಮನೆಯೊಳಗೆ ಮಲಗುತ್ತದೆ ಎಂದಾದರೆ ಮಾತ್ರ ಆ ಮಾತು ಬೇರೆ. ಅದೂ ಗುಂಪಿನವರ ಒಪ್ಪಿಗೆ ಇಲ್ಲದೆ ನೀವು ಕೊಡುವ ಹಾಗಿಲ್ಲ, ನಾಯಿ ನಿಮ್ಮದಲ್ಲ. ಪೊಲೀಸ್ ನಾಯಿದಳಕ್ಕೆ ಕೊಡಬಹುದಲ್ವಾ ಎಂದೂ ಕೆಲವರು ಕೇಳುತ್ತಾರೆ. ಅವರು ಸಾಮಾನ್ಯವಾಗಿ ಮರಿಯನ್ನು ತೆಗೆದುಕೊಂಡು ಹ್ಯಾಂಡ್ಲರ್ ಜತೆ ಮೊದಲಿಂದ ಬೆಳೆಸುತ್ತಾರೆ, ಅಭ್ಯಾಸ ಕೆಟ್ಟ ದೊಡ್ಡ ನಾಯಿ ಅವರಿಗೂ ಬೇಡ.

ದಯಾಮರಣದ ಮಾತನ್ನು ನೀವು ಬರೆದಿಲ್ಲ, ಯಾರಾದರೂ ನಿಮ್ಮ ಕಿವಿಗೆ ಹಾಕಿಯೇ ಹಾಕುತ್ತಾರೆ. ಬ್ರೂನೋ ಆ ಹಂತದಲ್ಲಿಲ್ಲ. ಕಾರಣವೇ ಕಾಣದೆ, ಎಚ್ಚರಿಕೆ ಕೊಡದೆ, ಆಳವಾಗಿ ಮತ್ತೆ ಮತ್ತೆ ಕಚ್ಚುವ ನಾಯಿ, ಚಿಕಿತ್ಸೆಗೂ ಬಗ್ಗದಿದ್ದರೆ, ಆಗ ವೈದ್ಯರು ಆ ಮಾತೆತ್ತುತ್ತಾರೆ. ನಿಮ್ಮ ನಾಯಿಯ ಪ್ರತಿ ವರ್ತನೆಗೂ ಕಾರಣ ಕಾಣುತ್ತಿದೆ.

ವಾಪಸ್ ಕೊಟ್ಟರೆ ಪಾಪ ಅಲ್ವಾ ಎಂದಿರಿ. ಅಲ್ಲ. ಫಾಸ್ಟರ್ ಮಾಡುವವರ ಕೆಲಸ ನಾಯಿಯನ್ನು ಸರಿಮಾಡಿ ಕೊಡುವುದು ಎಂದು ನೀವು ತಿಳಿದುಕೊಂಡಂತಿದೆ. ಅದಕ್ಕಿಂತ ದೊಡ್ಡ ಕೆಲಸವನ್ನು ಆಗಲೇ ಮಾಡಿದ್ದೀರಿ. ಈ ನಾಯಿ ಮಕ್ಕಳಿರುವ ಮನೆಗೆ ಆಗುವುದಿಲ್ಲ, ಸೈಕಲ್ ಅಟ್ಟುತ್ತದೆ, ಪೊರಕೆಗೆ ಗುರುಗುಟ್ಟುತ್ತದೆ, ನೆರಳಿನ ಗೀಳಿದೆ, ಇಷ್ಟು ಎರಡು ತಿಂಗಳ ಹಿಂದೆ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಮುಚ್ಚಿಡದೆ ಹೇಳಿದರೆ ಬ್ರೂನೋಗೆ ಸರಿಯಾದ ಮನೆ ಸಿಗುತ್ತದೆ. ಒಳ್ಳೆ ನಾಯಿ, ಸ್ವಲ್ಪ ಚುರುಕು ಎಂದು ಯಾರಾದರೂ ಪೋಸ್ಟ್ ಹಾಕಿ ಇನ್ನೊಂದು ಮಗುವಿರುವ ಮನೆಗೆ ಕಳಿಸಿದರೆ, ಅದು ಪಾಪ. ಮನೆ ಬದಲಾದರೆ ನಾಯಿಗೆ ಕಷ್ಟ ಆಗುತ್ತದೆ, ಸುಳ್ಳು ಹೇಳುವುದಿಲ್ಲ, ಕೆಲವು ವಾರ ಮತ್ತೆ ಹಿಂದಕ್ಕೆ ಹೋಗುತ್ತದೆ. ಮಗುವಿಗೆ ಆಳವಾಗಿ ಕಚ್ಚಿದ ಮೇಲೆ ಕಳಿಸುವುದಕ್ಕಿಂತ ಅದು ಎಷ್ಟೋ ಮೇಲು. ಕಚ್ಚಿದ ನಾಯಿ ಎಂಬ ಹೆಸರು ಬಂದರೆ ಆಮೇಲೆ ಅದನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಮನೆ ಬ್ರೂನೋಗೆ ಶಾಶ್ವತ ಮನೆ ಆಗುವುದು ಕಷ್ಟ. ಮಗಳಿಗಿನ್ನೂ 9 ವರ್ಷ, ಅವಳು ಓಡಬೇಕು, ಸೈಕಲ್ ಹೊಡೆಯಬೇಕು, ಗೆಳತಿಯರು ಮನೆಗೆ ಬರಬೇಕು. ಬಾಗಿಲು, ಚಿಲಕ, ಹಗ್ಗದ ಶಿಸ್ತು ನಾಲ್ಕು ವಾರ ತಪ್ಪದೆ ನಡೆಸುತ್ತೇವೆ ಎಂಬ ಧೈರ್ಯ ಮನೆಯವರೆಲ್ಲರಿಗೂ ಇದ್ದರೆ ಅಲ್ಲಿಯವರೆಗೆ ಇಟ್ಟುಕೊಳ್ಳಿ, ಆ ಹೊತ್ತಿನಲ್ಲಿ ಪರೀಕ್ಷೆ, ಚಿಕಿತ್ಸೆ, ಗೋಣಿಯ ಪಾಠ ಶುರುವಾಗಲಿ, ಗುಂಪಿನವರು ಮಕ್ಕಳಿಲ್ಲದ, ಅನುಭವವಿರುವ ಮನೆ ಹುಡುಕಲಿ. ಅತ್ತೆಗೋ ಮಗಳಿಗೋ ಮನೆಯೊಳಗೇ ಭಯ ಶುರುವಾಗಿದ್ದರೆ ನಾಲ್ಕು ವಾರವೂ ಬೇಡ, ಈ ವಾರವೇ ಬಂದು ಕರೆದುಕೊಂಡು ಹೋಗಿ ಎನ್ನಿ.

ಗುಂಪಿನವರಿಗೆ ಫೋನ್ ಮಾಡಿ ಬಿಡಬೇಡಿ, ಬರೆದು ಕಳಿಸಿ. ಕಚ್ಚಿದ ದಿನ, ಹೇಗೆ ಕಚ್ಚಿತು, ಎಲ್ಲಿಗೆ, ಅದಕ್ಕೆ ಮುಂಚೆ ಏನಾಗುತ್ತಿತ್ತು, ಎಲ್ಲವೂ ಇರಲಿ, ವಿಡಿಯೋ ಜತೆಗಿರಲಿ. ಪರೀಕ್ಷೆ ಮತ್ತು ಔಷಧಿಯ ಖರ್ಚು ಯಾರದು ಎಂದೂ ಅದರಲ್ಲೇ ಕೇಳಿ, ಅದು ಸಾಮಾನ್ಯವಾಗಿ ಗುಂಪಿನ ಜವಾಬ್ದಾರಿ. ರಕ್ತದ ರಿಪೋರ್ಟ್ ಬಂದ ಮೇಲೆ ನನಗೂ ಬರೆಯಿರಿ, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಮೊದಲು ಉಣ್ಣೆ ಜ್ವರದ ಚಿಕಿತ್ಸೆ ಮುಗಿಯಲಿ, ಗೀಳಿನ ಮಾತ್ರೆಯ ಮಾತು ಆಮೇಲೆ ಆಡೋಣ.